ಏಣಿಯಿಂದ ಬಿದ್ದ ಮೇಲೆ ಅಪ್ಪನಿಗೆ ಈಗಷ್ಟೇ ಇಟ್ಟ ಜಾಗ ನೆನಪಿರಲ್ಲ, ಇದು ಮರೆವಾ?

ಸೋಮವಾರಪೇಟೆ ಹುಡುಗ:
ಹೋದ ವರ್ಷ ಮೆಣಸು ಕುಯ್ಯುವಾಗ ಅಪ್ಪ ಏಣಿಯಿಂದ ಬಿದ್ದರು. ತಲೆಯ ಬಲಗಡೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಯಿತು. ಈಗ ಮಾತು ಸರಿಯಾಗಿದೆ. ಯಾವ ವರ್ಷ ಕಾಫಿಗೆ ಎಷ್ಟು ರೇಟ್ ಇತ್ತು ಅಂತ ಈಗಲೂ ಹೇಳುತ್ತಾರೆ. ಆದರೆ ಕತ್ತಿಯನ್ನು ಸಿಲ್ವರ್ ಮರದ ಬುಡದಲ್ಲಿಟ್ಟು ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು, ಎಲ್ಲಿಟ್ಟೆ ಅಂತ ಗೊತ್ತಾಗಲ್ಲ. ಮೊನ್ನೆ ಒಂದೇ ಗಿಡಕ್ಕೆ ಮೂರು ಸಲ ಗೊಬ್ಬರ ಹಾಕಿದರು, ಪಕ್ಕದ ಗಿಡಗಳು ಹಾಗೇ ಉಳಿದವು. ಮನೆಯಲ್ಲಿ ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಅವರು ಬಕೆಟ್ ಹಿಡಿದು ಸುಮ್ನೆ ನಿಂತುಬಿಡುತ್ತಾರೆ.

ಮಡಿಕೇರಿ ಅಕ್ಕ:
ದಯವಿಟ್ಟು ಬೈಯಬೇಡಿ ತಮ್ಮಾ. ನಾನು ಮಿದುಳಿಗೆ ಪೆಟ್ಟಾದವರ ಜೊತೆ ಕೆಲಸ ಮಾಡುವವಳು. ಹಳೆಯದನ್ನು ನೆನಪಿಡುವುದು ಬೇರೆ, ‘ಅದು ಅಲ್ಲಿದೆ, ಇದು ಮುಗೀತು’ ಅಂತ ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದುಕೊಂಡು ಕೆಲಸ ಮಾಡುವುದು ಬೇರೆ. ಈ ಎರಡನೆಯದರಲ್ಲಿ ತಲೆಯ ಬಲಗಡೆ ಮೇಲ್ಭಾಗದ ಪೆರೈಟಲ್ ಭಾಗಕ್ಕೂ ಹಣೆಯ ಹಿಂದಿನ ಭಾಗಕ್ಕೂ ಪಾತ್ರ ಜಾಸ್ತಿ. ಅಲ್ಲಿ ಪೆಟ್ಟಾದರೆ ಮಾತು, ಹಳೆಯ ನೆನಪು ಚೆನ್ನಾಗಿದ್ದೂ ಜಾಗ ಮಾತ್ರ ಜಾರಿಹೋಗಬಹುದು. ಇದಕ್ಕೆ ಉಲ್ಟಾ ಕೇಸೂ ಇದೆ. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆ ಅಂತ ಒಬ್ಬರ ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ (ಹೊಸ ನೆನಪು ಕೂಡಿಡಲು ಬೇಕಾದ ಭಾಗ) ದೊಡ್ಡ ಪಾಲನ್ನು ತೆಗೆದರು. ಆಮೇಲೆ ಅವರಿಗೆ ಹೊಸ ನೆನಪು ಉಳಿಯಲೇ ಇಲ್ಲ, ಆದರೆ ಈಗಷ್ಟೇ ಹೇಳಿದ ಅಂಕಿಗಳನ್ನು ತಿರುಗಿ ಹೇಳುತ್ತಿದ್ದರು.

ಜಾಗವನ್ನು ಮನಸ್ಸಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ನೋಡೋಕೆ ಕಾರ್ಸಿ ಟೆಸ್ಟ್ ಅಂತ ಒಂದಿದೆ. ಹಲಗೆಯ ಮೇಲೆ 9 ಮರದ ತುಂಡು ಇರುತ್ತವೆ. ನಾವು ಮುಟ್ಟಿದ ಕ್ರಮದಲ್ಲೇ ಅವರೂ ಮುಟ್ಟಬೇಕು. ಸಾಮಾನ್ಯವಾಗಿ ದೊಡ್ಡವರು 5–6 ತುಂಡುಗಳ ಕ್ರಮದವರೆಗೆ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಪರೀಕ್ಷೆಗೂ ತರಬೇತಿಗೂ ವಿಭಾಗ ಇದೆ, ಒಮ್ಮೆ ತೋರಿಸಿ. ತಲೆನೋವು ಅಥವಾ ನಿದ್ದೆಮಂಪರು ಹೊಸದಾಗಿ ಶುರುವಾದರೆ ಮಾತ್ರ ಕಾಯಲೇಬೇಡಿ.

ಗೋಣಿಕೊಪ್ಪ ಮಾವ:
ನನ್ನ ಹೆಂಡತಿಗೆ ಸ್ಟ್ರೋಕ್ ಆದಾಗ ತಟ್ಟೆಯ ಎಡಗಡೆಯ ಕಡಂಬುಟ್ಟು ಹಾಗೇ ಉಳಿಯುತ್ತಿತ್ತು. ಹೊಟ್ಟೆ ತುಂಬಿದೆ ಅಂದುಕೊಂಡಿದ್ದೆ. ತಟ್ಟೆ ತಿರುಗಿಸಿದರೆ ತಿಂದಳು! ನಿಮ್ಮ ಅಪ್ಪ ಬಿಟ್ಟ ಗಿಡಗಳು ಎಡಗಡೆಯವೇ ಅಂತ ನೋಡಿ, ಆಗ ಸಮಸ್ಯೆ ನೆನಪಿನದ್ದಲ್ಲ, ಎಡಕ್ಕೆ ಗಮನವೇ ಹೋಗದಿರುವುದು.

ಮಡಿಕೇರಿ ಅಕ್ಕ:
ಮಾವ ಹೇಳಿದ್ದು ಸರಿ, ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ. ಸದ್ಯಕ್ಕೆ ತಲೆಯೊಳಗೆ ಹಿಡಿಯಲಾಗದ್ದನ್ನು ತೋಟದಲ್ಲೇ ಕಾಣುವ ಹಾಗೆ ಮಾಡಿ. ಗೊಬ್ಬರ ಹಾಕಿದ ಗಿಡಕ್ಕೆ ಬಾಳೆನಾರು ಕಟ್ಟಲಿ. ಕತ್ತಿ ಹಿಡಿಗೆ ಕೆಂಪು ಬಟ್ಟೆ ಸುತ್ತಿ. ಕೆಲಸದ ಮಧ್ಯೆ ಮಾತಾಡಿಸಬೇಡಿ. ಏಣಿ ಹತ್ತೋದಂತೂ ಬೇಡವೇ ಬೇಡ.

ಸೋಮವಾರಪೇಟೆ ಹುಡುಗ:
ಅಕ್ಕ, ಮಾವ, ಇವತ್ತು ನೋಡಿದೆ. ಎಡ ಬಲ ಎರಡೂ ಕಡೆ ಬಿಟ್ಟಿದ್ದಾರೆ. ಬಾಳೆನಾರಿನ ಕಟ್ಟು ಅವರ ಸೊಂಟಕ್ಕೆ ಸಿಕ್ಕಿಸಿಕೊಟ್ಟೆ. ಒಂದು ಸಾಲು ಪೂರ್ತಿ ಮುಗಿಸಿದರು, ಒಂದೂ ಗಿಡ ಬಿಡಲಿಲ್ಲ. ಅಪ್ಪನ ಹತ್ತಿರ ಕ್ಷಮೆ ಕೇಳಿದ್ದೇನೆ. ಮುಂದಿನ ವಾರ ಬೆಂಗಳೂರಿಗೆ ಹೊರಡುತ್ತೇವೆ.