ನವಜಾತ ಶಿಶುವಿನ ಕಾಮಾಲೆ 21ಕ್ಕೆ ಏರಿದ್ದೇಕೆ? ಮುಂದೆ ಕಿವಿಗೆ, ಮೆದುಳಿಗೆ ತೊಂದರೆಯಾದೀತೆ?

ಪ್ರಶ್ನೆ (ಮಗುವಿನ ತಂದೆ):
ದಿನ ತುಂಬಿ ಹುಟ್ಟಿದ ನಮ್ಮ ಮಗುವನ್ನು ಎರಡನೆಯ ದಿನವೇ ಮನೆಗೆ ಕರೆತಂದೆವು. ಬಾಣಂತಿ ಕೋಣೆಯ ಮಂದ ಬೆಳಕಿನಲ್ಲಿ ಮೈಬಣ್ಣ ಬದಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ನಾಲ್ಕನೆಯ ದಿನ ಮಗು ಹಾಲು ಕುಡಿಯದೆ ಮಂಕಾಗಿದ್ದುದರಿಂದ ಪರೀಕ್ಷೆ ಮಾಡಿಸಿದಾಗ ಬಿಲಿರುಬಿನ್ (ಮೈಯನ್ನು ಹಳದಿಯಾಗಿಸುವ ವಸ್ತು) ರಕ್ತದಲ್ಲಿ ಡೆಸಿಲೀಟರಿಗೆ 21 ಮಿಲಿಗ್ರಾಂ ಇತ್ತು. ಫೋಟೊಥೆರಪಿಯಿಂದ (ಬೆಳಕಿನ ಚಿಕಿತ್ಸೆ) ಈಗ ಇಳಿಯುತ್ತಿದೆ. ತಾಯಿಯ ರಕ್ತದ ಗುಂಪು ಓ ಪಾಸಿಟಿವ್, ಮಗುವಿನದು ಬಿ ಪಾಸಿಟಿವ್. ಕಾಮಾಲೆ ಎಲ್ಲ ಮಕ್ಕಳಿಗೂ ಬರುತ್ತದೆ, ಎಳೆಬಿಸಿಲು ಕಾಯಿಸಿದ್ದರೆ ಸಾಕಿತ್ತು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇಷ್ಟು ಏರಲು ಕಾರಣವೇನು? ಮುಂದೇನಾದರೂ ಉಳಿದೀತೆ?

ಉತ್ತರ 1 (ಮಕ್ಕಳ ವೈದ್ಯೆ):
ಅತ್ತೆಯವರ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಮಾಲೆ ಕಾಣಿಸುತ್ತದೆ. ಹಸುಗೂಸಿನ ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ, ಅದರಿಂದ ಹುಟ್ಟುವ ಬಿಲಿರುಬಿನ್ನನ್ನು ಹೊರಹಾಕುವಷ್ಟು ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಆದರೆ 21 ಆ ಲೆಕ್ಕದಲ್ಲಿ ಬರುವುದಿಲ್ಲ. ತಾಯಿ ಓ, ಮಗು ಎ ಅಥವಾ ಬಿ ಆಗಿದ್ದಾಗ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆಯಬಹುದು. ನಿಮ್ಮಲ್ಲಿ ಮೊದಲು ಶಂಕಿಸಬೇಕಾದದ್ದು ಇದನ್ನೇ. ಎದೆಹಾಲು ಸಾಲದೆ ಮಲವಿಸರ್ಜನೆ ಕಡಿಮೆಯಾದರೆ ಕರುಳಿನಲ್ಲಿರುವ ಬಿಲಿರುಬಿನ್ ಮರಳಿ ರಕ್ತ ಸೇರುತ್ತದೆ. ಹೆರಿಗೆಯಲ್ಲಿ ತಲೆಗೆ ಆದ ರಕ್ತದ ಗಡ್ಡೆ, ಸೋಂಕು, ಥೈರಾಯ್ಡ್ ಕೊರತೆ ಇವೂ ಕಾರಣವಾಗಬಲ್ಲವು. ಹುಟ್ಟಿದ 24 ಗಂಟೆಯೊಳಗೆ ಕಾಣಿಸಿಕೊಳ್ಳುವ ಹಳದಿಯನ್ನಂತೂ ಎಂದಿಗೂ ಸಹಜವೆಂದು ಬಿಡಬಾರದು.

ಎಳೆಬಿಸಿಲು ಇದಕ್ಕೆ ಚಿಕಿತ್ಸೆಯಲ್ಲ. ಫೋಟೊಥೆರಪಿಯ ನೀಲಿ ಬೆಳಕು ಬಿಲಿರುಬಿನ್‌ನ ಆಕಾರವನ್ನೇ ಬದಲಿಸಿ ಪಿತ್ತ ಹಾಗೂ ಮೂತ್ರದ ಮೂಲಕ ಹೊರಹೋಗುವಂತೆ ಮಾಡುತ್ತದೆ. ಅದರಿಂದಲೂ ಇಳಿಯದಿದ್ದರೆ ರಕ್ತ ಬದಲಾಯಿಸಬೇಕಾಗುತ್ತದೆ.

ಉತ್ತರ 2 (ಒಬ್ಬ ತಾಯಿ):
ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ನನ್ನ ಮಗನಿಗೆ ಈ ಕಿಣ್ವದ ಕೊರತೆಯಿತ್ತು. ಅಂಥ ಮಕ್ಕಳಿಗೆ ನುಸಿಗುಳಿಗೆಯ ವಾಸನೆಯೂ ಸಾಕು, ರಕ್ತಕಣಗಳು ಒಡೆಯುತ್ತವೆ. ಹಿರಿಯ ಮಗುವಿನ ಬಟ್ಟೆ, ಕುಲಾವಿಗಳನ್ನು ಟ್ರಂಕಿನಲ್ಲಿ ಗುಳಿಗೆಯೊಡನೆ ಇಟ್ಟು ಮುಂದಿನ ಕೂಸಿಗೆ ತೊಡಿಸುವ ನಮ್ಮ ಮನೆಗಳಲ್ಲಿ ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ.

ಮಗುವಿನ ತಂದೆ:
ಇಬ್ಬರಿಗೂ ಧನ್ಯವಾದಗಳು. ಮೆದುಳಿನ ವಿಷಯವನ್ನು ದಯವಿಟ್ಟು ತಿಳಿಸಿ, ಮೇಡಂ.

ಉತ್ತರ 3 (ಮಕ್ಕಳ ವೈದ್ಯೆ):
ಬಿಲಿರುಬಿನ್ ಅತಿಯಾದಾಗ ಮೆದುಳಿನೊಳಕ್ಕೆ ಇಳಿದು, ಚಲನೆಯನ್ನು ನಿಯಂತ್ರಿಸುವ ಭಾಗಗಳನ್ನೂ ಶ್ರವಣದ ನರಮಾರ್ಗವನ್ನೂ ಕೆಡಿಸುತ್ತದೆ. ಇದನ್ನು ಕರ್ನಿಕ್ಟರಸ್ ಎನ್ನುತ್ತಾರೆ. ಆರಂಭದಲ್ಲಿ ಮಗು ಮಂಕಾಗಿ ಹಾಲು ಬಿಡುತ್ತದೆ; ಬಳಿಕ ಕೀರಲು ದನಿಯಲ್ಲಿ ಅಳುತ್ತಾ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತದೆ, ಜ್ವರ, ಸೆಳವು ಬರಬಹುದು. ಆ ಹಂತ ದಾಟಿದವರಲ್ಲಿ ಕೈಕಾಲುಗಳ ಅನಿಯಂತ್ರಿತ ಚಲನೆ, ಕಿವುಡುತನ, ಕಣ್ಣನ್ನು ಮೇಲಕ್ಕೆತ್ತಲಾಗದಿರುವುದು ಉಳಿದುಬಿಡುತ್ತವೆ, ಬುದ್ಧಿಶಕ್ತಿ ಮಾತ್ರ ಹಲವರಲ್ಲಿ ಚೆನ್ನಾಗಿಯೇ ಇರುತ್ತದೆ. ನಿಮ್ಮ ಮಗು ಈಗ ಚುರುಕಾಗಿ ಹಾಲು ಕುಡಿಯುತ್ತಿದ್ದರೆ ಅದು ಒಳ್ಳೆಯ ಸೂಚನೆ. ಆದರೂ ಮೂರು ತಿಂಗಳೊಳಗೆ ಬೇರಾ ಪರೀಕ್ಷೆ (ಸದ್ದಿಗೆ ಶ್ರವಣ ನರಮಾರ್ಗ ಹೇಗೆ ಸ್ಪಂದಿಸುತ್ತದೆಂದು ನೋಡುವ ಪರೀಕ್ಷೆ) ಮಾಡಿಸಿ. ಕಾಮಾಲೆಯಿಂದ ಕೆಡುವುದು ನರಮಾರ್ಗವಾದ್ದರಿಂದ ಒಳಗಿವಿಯನ್ನಷ್ಟೇ ನೋಡುವ ಓಎಇ ಪರೀಕ್ಷೆಯೊಂದನ್ನೇ ಮಾಡಿಸಿದರೆ ಆ ದೋಷ ಕಣ್ತಪ್ಪಿಹೋಗಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಎರಡು ವಾರ ಕಳೆದರೂ ಹಳದಿ ಉಳಿದಿದ್ದರೆ, ಅಥವಾ ಮಲ ಸುಣ್ಣದಂತೆ ಬಿಳಿಚಿಕೊಂಡರೆ, ಅದು ಪಿತ್ತನಾಳದ ತೊಂದರೆ ಇರಬಹುದಾದ್ದರಿಂದ ತಡಮಾಡದೆ ತೋರಿಸಿ.