ಸಹಾಯ ಬೇಕು: ದೊಡ್ಡಪ್ಪನ ಹಳೇ ರೈಫಲ್‌ಗೆ ಯಾವ ತೋಟಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರಿನ ಕಡೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ರೈಫಲ್ ನನಗೆ ಬಂತು, ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಲೈಸೆನ್ಸ್‌ನಲ್ಲಿ ಬೋರ್ (ನಳಿಗೆಯ ಒಳ ಅಳತೆ, ಇಂಚಿನಲ್ಲಿ) .315 ಅಂತಿದೆ.

ಆದರೆ ರೈಫಲ್ ನೋಡಿದರೆ ಪಕ್ಕಾ ಬ್ರಿಟಿಷ್ ಕಾಲದ ಮಿಲಿಟರಿ ರೈಫಲ್, ಲೀ-ಎನ್‌ಫೀಲ್ಡ್. ಬೋಲ್ಟ್ ಹಿಡಿಯ ಕೆಳಗೆ ಕಿರೀಟದ ಗುರುತು, ಜಿ.ಆರ್.ಐ. (ಆಗಿನ ರಾಜ ಜಾರ್ಜ್‌ನ ಗುರುತು), ಇಷಾಪುರ (ಬಂಗಾಳದ ರೈಫಲ್ ಕಾರ್ಖಾನೆ), 1942 ಅಂತ ಕೊರೆದಿದೆ. ಅಂದರೆ ಹುಟ್ಟಿದ್ದು .303 ಆಗಿ. ಆಮೇಲೆ ನಳಿಗೆ ಬದಲಾಯಿಸಿ .315 ಮಾಡಿದ್ದಾರಾ ಅನ್ನೋದೇ ತಲೆನೋವು. ನಳಿಗೆಯ ಬುಡವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ನೋಡಿದೆ. 3 ಕಾಣುತ್ತೆ, ಪಕ್ಕದ ಅಂಕಿ ಸವೆದುಹೋಗಿದೆ.

ಮೈಸೂರಿನ ಅಂಗಡಿಯವರು "ಲೈಸೆನ್ಸ್‌ನಲ್ಲಿ .315 ಇದೆ, ಅದನ್ನೇ ತಗೊಳ್ಳಿ" ಅಂದರು. ನಮ್ಮೂರಿನ ಮಾಜಿ ಸೈನಿಕರೊಬ್ಬರು "ಇದು ತ್ರೀ ನಾಟ್ ತ್ರೀನೇ ಕಣಪ್ಪಾ, ಸುಮ್ನೆ ಕೈ ಹಾಕಬೇಡ" ಅಂತಾರೆ. ನನಗೆ ಅವರ ಮಾತೇ ಸರಿ ಅನಿಸುತ್ತೆ. ಎರಡೂ ತೋಟಾಗಳಿಗೆ ಬುಡದಲ್ಲಿ ಅಂಚಿದೆ, ನೋಡೋಕೆ ಅಣ್ಣತಮ್ಮಂದಿರ ಥರ. ಆದರೆ .303ರ ಕೇಸ್ (ತೋಟಾದ ಲೋಹದ ಕವಚ) ಉದ್ದ ಸುಮಾರು 56 ಮಿ.ಮೀ., .315ರದ್ದು 50. ಗುಂಡಿನ ದಪ್ಪವೂ .315ರದ್ದೇ ಜಾಸ್ತಿ. ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ಹೋದರೆ ಒತ್ತಡ ಏರಿ ಮುಖದ ಹತ್ತಿರವೇ ಸಿಡಿಯಬಹುದು, ಅಲ್ವಾ? ಅದೂ ಅಲ್ಲದೆ .303 ಸಾರ್ವಜನಿಕರಿಗೆ ನಿಷೇಧಿತ ಬೋರ್. ಇದು .303 ಆಗಿದ್ದರೆ ಕಾಗದಪತ್ರದ ತೊಂದರೆ ಬೇರೆ.

ಖಾತ್ರಿ ಆಗೋವರೆಗೂ ಒಂದು ತೋಟಾನೂ ಕೊಳ್ಳಲ್ಲ. ಮೈಸೂರು-ಮಂಡ್ಯ ಕಡೆ ಚೇಂಬರ್ (ತೋಟಾ ಕೂರುವ ಜಾಗ) ಮತ್ತು ನಳಿಗೆ ಅಳೆದು, ಯಾವ ಬೋರ್ ಅಂತ ಬರೆದುಕೊಡುವ ಲೈಸೆನ್ಸ್ ಇರುವ ಗನ್‌ಸ್ಮಿತ್ ಯಾರಿದ್ದಾರೆ? ಅಳತೆ ಲೈಸೆನ್ಸ್‌ಗೆ ಹೊಂದದಿದ್ದರೆ ಮೊದಲು ಠಾಣೆಗೆ ಹೋಗಬೇಕಾ, ಡಿಸಿ ಕಚೇರಿಗಾ?