‘ರಿಯಲ್ ಟೈಮ್’ ಎಂದರೆ ‘ನೈಜ ಸಮಯ’ವೇ?

ಪ್ರಶ್ನೆ: ಹಳೆಯ ಪ್ರಾಯೋಗಿಕ ಕಂಪ್ಯೂಟರುಗಳ ಬಗೆಗಿನ ಬರಹ ಅನುವಾದಿಸುವಾಗ ‘ರಿಯಲ್ ಟೈಮ್ ಸಿಗ್ನಲ್ ಪ್ರೊಸೆಸಿಂಗ್’ ಎಂಬಲ್ಲಿ ತೊಡಕಾಗಿದೆ. ಪತ್ರಿಕೆಗಳ ‘ನೈಜ ಸಮಯ’ ನಡೆದೀತೇ? ‘ತತ್‌ಕ್ಷಣ’ ಎನ್ನಬಹುದೇ?

ಉತ್ತರ: ಎರಡೂ ಬೇಡ ಸರ್. ‘ನೈಜ’ ಎಂದರೆ ಸುಳ್ಳು ಸಮಯ ಯಾವುದು ಎಂದು ಓದುಗರು ಹುಡುಕುತ್ತಾರೆ. ‘ತತ್‌ಕ್ಷಣ’ ವೇಗವನ್ನು ಹೇಳುತ್ತದೆ; ಇಲ್ಲಿ ಹೇಳಬೇಕಾದ್ದು ಗಡುವನ್ನು, ಅಂದರೆ ಮುಂದಿನ ಕಂತು ಬರುವುದರೊಳಗೆ ಈ ಕಂತಿನ ಲೆಕ್ಕ ಮುಗಿಯಬೇಕು ಎಂಬುದನ್ನು.

ಲೆಕ್ಕ ಹಾಕಿ ನೋಡಿ. ಟೆಲಿಫೋನ್ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಅಂದರೆ 125 ಮೈಕ್ರೋಸೆಕೆಂಡಿಗೊಂದು ಸ್ಯಾಂಪಲ್. 1024 ಸ್ಯಾಂಪಲ್‌ಗಳ ಒಂದು ಕಂತು ಕೂಡಲು 128 ಮಿಲಿಸೆಕೆಂಡ್. ಅದರಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ನೇರ ಸೂತ್ರದಿಂದ ಕಂಡುಹಿಡಿಯಲು ಹತ್ತು ಲಕ್ಷಕ್ಕೂ ಹೆಚ್ಚು ಸಂಕೀರ್ಣ ಗುಣಾಕಾರ (ಕಾಂಪ್ಲೆಕ್ಸ್ ಸಂಖ್ಯೆಗಳ ಗುಣಾಕಾರ) ಬೇಕು. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ಎಫ್‌ಎಫ್‌ಟಿ (ಫಾಸ್ಟ್ ಫೊರಿಯರ್ ಟ್ರಾನ್ಸ್‌ಫಾರ್ಮ್) ಎಂಬ ಚುರುಕು ವಿಧಾನಕ್ಕೆ 5120 ಸಾಕು. ಒಂದು ಸಂಕೀರ್ಣ ಗುಣಾಕಾರದೊಳಗೆ ನಾಲ್ಕು ಸಾದಾ ಗುಣಾಕಾರ, ಒಟ್ಟು 20,480. ಒಂದಕ್ಕೆ 10 ಮೈಕ್ರೋಸೆಕೆಂಡ್ ಎಂದಿಟ್ಟುಕೊಂಡರೆ, ಕೂಡಿ ಕಳೆಯುವುದನ್ನು ಬಿಟ್ಟೂ 205 ಮಿಲಿಸೆಕೆಂಡ್. ಅಷ್ಟರಲ್ಲಿ ಮುಂದಿನ ಕಂತು ಬಂದು ಕೂತಿರುತ್ತದೆ. ಬಫರ್ (ಸ್ಯಾಂಪಲ್‌ಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ತುಂಬಿ ಸ್ಯಾಂಪಲ್‌ಗಳು ಕಳೆದುಹೋಗುತ್ತವೆ, ದನಿ ತುಂಡಾಗಿ ಟಕ್ ಟಕ್ ಎನ್ನುತ್ತದೆ. ನಾಲ್ಕು ಗುಣಾಕಾರ ಒಟ್ಟಿಗೆ ನಡೆದರೆ 51 ಮಿಲಿಸೆಕೆಂಡಿಗೇ ಮುಗಿದೀತು. 1970ರ ಸುಮಾರಿಗೆ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿ ಕಟ್ಟಿದ ‘ಫಾಸ್ಟ್ ಡಿಜಿಟಲ್ ಪ್ರೊಸೆಸರ್’ನಲ್ಲಿ ನಾಲ್ಕು ಅಂಕಗಣಿತ ಘಟಕಗಳು ಜೊತೆಜೊತೆಗೆ ದುಡಿಯುತ್ತಿದ್ದದ್ದು ಇಂಥ ಲೆಕ್ಕಗಳಿಗಾಗಿಯೇ.

ಒಂದು ಬಫರ್ ತುಂಬುತ್ತಿರುವಾಗ ಇನ್ನೊಂದರ ಲೆಕ್ಕ ನಡೆಯಬೇಕು. ಹಾಗೆ ಮಾಡಿದರೂ ಕಂತಿನ ಮೊದಲ ಸ್ಯಾಂಪಲ್ ಬಂದ 179 ಮಿಲಿಸೆಕೆಂಡಿನ (ಕಂತು ಕೂಡಲು 128, ಲೆಕ್ಕಕ್ಕೆ 51) ಮೇಲೆಯೇ ಉತ್ತರ ಸಿಗುವುದು. ತಡವಾದರೂ ಅದು ರಿಯಲ್ ಟೈಮೇ, ಏಕೆಂದರೆ ಬಾಕಿ ಬೆಳೆಯುವುದಿಲ್ಲ. ‘ತತ್‌ಕ್ಷಣ’ ಸೋಲುವುದು ಇಲ್ಲೇ.

1962ರಲ್ಲಿ ವೆಸ್ಲಿ ಕ್ಲಾರ್ಕ್ ರೂಪಿಸಿದ ‘ಲಿಂಕ್’ (LINC) ಎಂಬ ಕಂಪ್ಯೂಟರಿನದೂ ಇದೇ ಕಥೆ. ಪ್ರಯೋಗಾಲಯದಲ್ಲಿ ನರಗಳ ಮಿಡಿತವನ್ನು ನೇರವಾಗಿ ಓದಿಕೊಳ್ಳಬೇಕಾದ ಯಂತ್ರ ಅದು. ಇದ್ದದ್ದು 12 ಬಿಟ್‌ನ 1024 ಪದಗಳ ನೆನಪು. (ಇಲ್ಲಿನ ‘ಪದ’ ನಮ್ಮ ಚರ್ಚೆಯ ಪದವಲ್ಲ, ಯಂತ್ರ ಒಂದೇಟಿಗೆ ಎತ್ತಿಕೊಳ್ಳುವ ಬಿಟ್‌ಗಳ ಗೊಂಚಲು. ಅನುವಾದದಲ್ಲಿ ‘ಯಂತ್ರಪದ’ ಎಂದರೆ ಗೊಂದಲವಿಲ್ಲ.) ತಪ್ಪಿಹೋದ ಮಿಡಿತ ಮತ್ತೆ ಬರುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ ‘ಸಕಾಲ’. 2011ರ ಸಕಾಲ ಸೇವೆಗಳ ಕಾಯ್ದೆಯ ನಂತರ ಕರ್ನಾಟಕದಲ್ಲಿ ಈ ಮಾತಿಗೆ ‘ಗೊತ್ತುಪಡಿಸಿದ ಅವಧಿಯೊಳಗೆ’ ಎಂಬ ಅರ್ಥ ಗಟ್ಟಿಯಾಗಿದೆ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರು ಅದನ್ನು ‘ತಕ್ಷಣ’ ಎಂದು ತಿಳಿಯುವುದಿಲ್ಲ, ‘ಇಷ್ಟು ದಿನದೊಳಗೆ’ ಎಂದೇ ತಿಳಿಯುತ್ತಾರೆ. ‘ಸಕಾಲ ಸಂಕೇತ ಸಂಸ್ಕರಣೆ’ ಎಂದು ಬರೆಯಿರಿ, ಮೊದಲ ಸಲ ಬಂದಾಗ ಪಕ್ಕದಲ್ಲಿ ‘ರಿಯಲ್ ಟೈಮ್’ ಕೊಡಿ. ಸ್ಯಾಂಪಲ್ ಮಾತ್ರ ಸ್ಯಾಂಪಲ್ ಆಗಿಯೇ ಇರಲಿ. ‘ಮಾದರಿ’ ಎಂದರೆ ಮಾಡೆಲ್ ಜೊತೆ ಬೆರೆತುಹೋಗುತ್ತದೆ.